ಮಾವನ ತೋರುಬೆರಳು, ಅತ್ತೆಯ ಹಾಲುಬಾಯಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕುಗಳ ಮದುವೆ ಅಡಿಗೆಯವರು ಒಂದು ಕಾಲದಲ್ಲಿ ಇಬ್ಬರಿಗೆ ಮಾತ್ರ ಹೆದರುತ್ತಿದ್ದರು. ಒಂದು, ಗಂಡಿನ ಕಡೆಯ ಹಿರಿಯರಿಗೆ. ಇನ್ನೊಂದು, ನಮ್ಮ ಸೋದರಮಾವನಿಗೆ. ಗಂಡಿನ ಕಡೆಯವರನ್ನಾದರೂ ಎರಡು ಲೋಟ ಕಾಫಿ ಕೊಟ್ಟು ಸಮಾಧಾನ ಮಾಡಬಹುದು. ನಮ್ಮ ಮಾವನನ್ನು ಏನು ಕೊಟ್ಟು ಸಮಾಧಾನ ಮಾಡುತ್ತೀರಿ? ಕೊಟ್ಟದ್ದನ್ನೇ ಒತ್ತಿ ನೋಡುತ್ತಾರಲ್ಲ!

ಮಾವ ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ ಮರ್ಯಾದಸ್ತ ಮನುಷ್ಯ. ಕಳ್ಳತನವಿಲ್ಲ, ಕುಡಿತವಿಲ್ಲ, ನಶ್ಯ ಸಹ ಇಲ್ಲ. ಅವರ ಬಲಗೈಯ ತೋರುಬೆರಳು ಮಾತ್ರ ಯಾರ ಮಾತೂ ಕೇಳುತ್ತಿರಲಿಲ್ಲ. ಎದುರಿಗೆ ಮೆತ್ತಗಿರುವುದು ಏನು ಕಂಡರೂ ಅದು ಹೋಗಿ ಒತ್ತಿಬಿಡುತ್ತಿತ್ತು. ಒತ್ತಿ, ಬೆರಳು ತೆಗೆದು, ತಲೆ ಓರೆ ಮಾಡಿ, "ಒಂದು... ಎರಡು..." ಎಂದು ಎಣಿಸುವರು. ಬಿದ್ದ ಗುಳಿ ಎಷ್ಟು ಎಣಿಕೆಗೆ ಎದ್ದು ಬರುತ್ತದೆ ಎನ್ನುವುದರ ಮೇಲೆ ಅವರ ತೀರ್ಪು. ಇಡ್ಲಿ, ಖೋವಾ, ಬಸ್ಸಿನ ಸೀಟು, ಪಕ್ಕದ ಮನೆಯವರ ಹೊಸ ಸೋಫಾ, ತೊಟ್ಟಿಲಲ್ಲಿ ಮಲಗಿದ ಮಗುವಿನ ಕೆನ್ನೆ, ಯಾವುದನ್ನೂ ಬಿಟ್ಟವರಲ್ಲ. ನನ್ನನ್ನು ನೋಡಲು ಬಂದಿದ್ದ ಮೊದಲ ಗಂಡಿನ ತಂದೆ ಒರಗಿ ಕೂತಿದ್ದ ದಿಂಬನ್ನು, ಅವರು ಒರಗಿರುವಾಗಲೇ ಒತ್ತಿದರು. ಬೆರಳು ಗುರಿ ತಪ್ಪಿ ಸ್ವಲ್ಪ ಪಕ್ಕಕ್ಕೆ ಹೋಯಿತು. ಆ ಸಂಬಂಧ ಮುಂದುವರಿಯಲಿಲ್ಲ ಎಂದು ಬೇರೆ ಹೇಳಬೇಕೆ?

ಇನ್ನೊಂದು ವಿಷಯ. ಮಾವನಿಗೆ ಕೂತಲ್ಲಿ ಕೂರುವುದು ಗೊತ್ತಿರಲಿಲ್ಲ. ಸಾರನ್ನಕ್ಕೂ ಹುಳಿಯನ್ನಕ್ಕೂ ನಡುವೆ ಎದ್ದು ಹೋಗಿ ಒಲೆಯ ಮೇಲೆ ಏನೋ ನೋಡಿ ಬರುವರು. ಮಜ್ಜಿಗೆಯನ್ನಂತೂ ನಿಂತೇ ಮುಗಿಸುವರು. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡಕ್ಕೆ ಎದ್ದು ಬಂದದ್ದುಂಟು, ಮನೆಯಲ್ಲಿ ಏನೋ ಆರಲಿಕ್ಕೆ ಇಟ್ಟಿದ್ದೇನೆ ಅಂತ. ಅವರ ಹಿಂದೆ ಓಡಾಡಿ ಓಡಾಡಿ ನನಗೂ ಈಗ ಅದೇ ರೋಗ ಅಂಟಿದೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಹೋಗಿ ಹಾಲು ನೋಡಿ ಬಂದಿದ್ದೇನೆ.

ಎಲ್ಲಿದ್ದೆ? ಹಾ, ಬೆರಳು.

ಈ ಬೆರಳಿನಿಂದಾದ ಅನಾಹುತಗಳಲ್ಲಿ ಮೊದಲನೆಯದು ಮತ್ತು ಬಹಳ ಕಾಲ ಬಾಳಿದ್ದು, ಅವರ ಮದುವೆಯಾದ ಮೊದಲ ತಿಂಗಳಲ್ಲೇ ಆಯಿತು. ಅತ್ತೆ ಕೊಣನೂರಿನವರು. ಅವರ ತವರಿನ ಹಾಲುಬಾಯಿ ಎಂದರೆ ಆ ಕಡೆಯೆಲ್ಲ ಹೆಸರುವಾಸಿ. ಅಕ್ಕಿ ನೆನೆಹಾಕಿ, ತೆಂಗಿನಕಾಯಿ ಜೊತೆ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಾಲು ಹಿಂಡಿ, ಬೆಲ್ಲ ಏಲಕ್ಕಿ ಸೇರಿಸಿ, ಕೈ ಬಿಡದೆ ಕಲಕಿ ಕಲಕಿ, ಒದ್ದೆ ಬೆರಳಿಗೆ ಅಂಟದ ಹದಕ್ಕೆ ಬಂದಾಗ ತುಪ್ಪ ಸವರಿದ ತಟ್ಟೆಗೆ ಸುರಿದು ಆರಲು ಬಿಡುವುದು. ಹೊಸ ಸೊಸೆ ಗಂಡನ ಮನೆಯವರಿಗೆಂದು ಆಸೆಯಿಂದ ಮಾಡಿದ್ದಾರೆ. ಹದಿನೈದು ಜನ ಸುತ್ತ ಕೂತಿದ್ದಾರೆ. ಮಾವನಿಗೆ ತಡೆಯಲಾಗಲಿಲ್ಲ. ತಟ್ಟೆ ನೆಲಕ್ಕಿಡುವ ಮೊದಲೇ ಬೆರಳು ಇಳಿಸಿದರು. ಎಣಿಸಿದರು. ಗುಳಿ ಏಳಲಿಲ್ಲ.

"ಇನ್ನೊಂದು ನಿಮಿಷ ಕಲಕಬೇಕಿತ್ತು," ಎಂದರು.

ಅಷ್ಟೇ. ಕೆಟ್ಟ ಮಾತೇನಲ್ಲ. ಕಾಲೇಜಿನಲ್ಲಿ ಹುಡುಗರ ಪ್ರಯೋಗ ನೋಡಿ ಹೇಳುವ ಮಾತು. ಆದರೆ ಹೇಳಿದ್ದು ಹದಿನೈದು ಜನರ ಮುಂದೆ, ಹೇಳಿಸಿಕೊಂಡವರು ಕೊಣನೂರಿನವರು. ನಮ್ಮಮ್ಮ, ಅಂದರೆ ಮಾವನ ಅಕ್ಕ, ಅಲ್ಲೇ ಇದ್ದಳು. ಅತ್ತೆ ಅಳಲಿಲ್ಲವಂತೆ, ಕೂಗಾಡಲಿಲ್ಲವಂತೆ. ಸೆರಗು ಸಿಕ್ಕಿಸಿಕೊಂಡು ನಿಂತು ಹೇಳಿದರಂತೆ:

"ಆಯ್ತು. ಇನ್ಮೇಲೆ ಈ ಮನೇಲಿ ಕಲಕೋ ಕೆಲಸ ನಿಮ್ದೇ. ನೀವು ಕಲಕಿದ್ದನ್ನ ನಾನು ಬಾಯಿಗೆ ಹಾಕ್ಕೊಳ್ಳೋದಿಲ್ಲ. ಇವತ್ತಿಂದು ಚೆನ್ನಾಗಿತ್ತು ಅಂತ ನೀವೇ ಬಾಯಿ ಬಿಟ್ಟು ಹೇಳೋವರೆಗೂ."

ಮಾವ ಹೇಳಬಹುದಿತ್ತು. ಒಂದು ಮಾತು. ಆದರೆ ಅವರು ವಿಜ್ಞಾನದ ಮೇಷ್ಟರಲ್ಲವೇ? ಪುರಾವೆ ಇಲ್ಲದೆ ಹೇಗೆ ಹೇಳುವುದು? ಮರುದಿನದ ಭಾನುವಾರ ತಾವೇ ಸೌಟು ಹಿಡಿದರು. ಅವತ್ತಿನಿಂದ ಪ್ರತಿ ಭಾನುವಾರ ಆ ಮನೆಯಲ್ಲಿ ಹಾಲುಬಾಯಿ. ಮಾವನಿಗೆ ಬೇಕಾಗಿದ್ದದ್ದು ಒಂದೇ: ಅತ್ತೆ ಒಂದು ಚಮಚ ತಿನ್ನಬೇಕು. ಅತ್ತೆಗೆ ಬೇಕಾಗಿದ್ದದ್ದೂ ಒಂದೇ: ಆ ಒಂದು ಮಾತು. ಇಬ್ಬರೂ ಬಗ್ಗುವವರಲ್ಲ. ಮಧ್ಯೆ ಸಿಕ್ಕಿಕೊಂಡವಳು ನಾನು.

ತೊಂಬತ್ತರ ದಶಕದಲ್ಲಿ ಕಾಲೇಜು ಓದಲೆಂದು ಮಾವನ ಮನೆಗೆ ಬಂದೆ. ಅವರಿಗೆ ಮಕ್ಕಳಿರಲಿಲ್ಲ, ನನ್ನನ್ನು ಮಗಳಂತೆಯೇ ನೋಡಿಕೊಂಡರು. ಎಷ್ಟರಮಟ್ಟಿಗೆ ಎಂದರೆ, ಅತ್ತೆ ತಿನ್ನದ ಹಾಲುಬಾಯಿಯನ್ನೆಲ್ಲ ನನಗೇ ತಿನ್ನಿಸಿದರು. ನಾಲ್ಕು ವರ್ಷ! ನಾನು ಓದಿದ್ದು ವಾಣಿಜ್ಯ, ಆದರೂ ಜೆಲ್ ಎಂದರೇನು ಎಂದು ಇವತ್ತೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

"ಜೆಲ್ ಅಂದ್ರೆ ನೀರು ಕಣೇ, ಬೇರೇನಲ್ಲ," ಎನ್ನುವರು ಮಾವ, ಸೌಟು ತಿರುಗಿಸುತ್ತಾ. "ಅಕ್ಕೀಲಿ ಉದ್ದುದ್ದ ಎಳೆ ಇರುತ್ತೆ, ಕಣ್ಣಿಗೆ ಕಾಣಲ್ಲ. ಪಾಲಿಮರ್ ಅಂತಾರೆ. ತಣ್ಣಗಿದ್ದಾಗ ಸುರುಟಿಕೊಂಡು ಮಲಗಿರುತ್ತೆ. ಬಿಸಿ ಕೊಟ್ಟರೆ ಎದ್ದು ಬಿಚ್ಚಿಕೊಳ್ಳುತ್ತೆ. ಆಮೇಲೆ ಆರೋವಾಗ ಒಂದನ್ನೊಂದು ಹಿಡ್ಕೊಳ್ಳುತ್ತೆ, ಬಲೆ ಆಗುತ್ತೆ. ನೀರು ಆ ಬಲೆಯೊಳಗೆ ಸಿಕ್ಕಿಹಾಕಿಕೊಂಡು ಎಲ್ಲೂ ಹೋಗದೆ ನಿಂತುಬಿಡುತ್ತೆ."

"ನಿಮ್ಮನ್ನೂ ಹಾಗೆ ಒಂದು ಕಡೆ ನಿಲ್ಲಿಸೋ ಬಲೆ ಇದ್ದಿದ್ರೆ," ಎಂದು ಒಳಗಿನಿಂದ ಅತ್ತೆ.

ಮಾವ ಕೇಳಿಸಿಕೊಳ್ಳದವರಂತೆ ಮುಂದುವರಿಸುವರು. "ಏನು ಹಾಕಿದೆ ಅನ್ನೋದು ಅರ್ಧ ಕಣೇ. ಹಾಕಿದ್ದನ್ನ ಏನು ಮಾಡಿದೆ ಅನ್ನೋದು ಇನ್ನರ್ಧ. ಅದೇ ಅಕ್ಕಿ, ಅದೇ ನೀರು, ಅದೇ ಬೆಲ್ಲ. ಬೇಗ ಆರಿಸಿದರೆ ಒಂದು ಥರ, ನಿಧಾನಕ್ಕೆ ಆರಿಸಿದರೆ ಇನ್ನೊಂದು ಥರ. ಕಡಿಮೆ ಕಲಕಿದರೆ ಗಂಟು, ಅತಿಯಾಗಿ ಕಲಕಿದರೆ ಎಳೆಯೆಲ್ಲ ಹರಿದು ಗೋಂದು."

"ನಮ್ಮಜ್ಜಿ ಇದನ್ನೆಲ್ಲ ಶಾಲೆ ಮೆಟ್ಟಿಲು ಹತ್ತದೆ ಹೇಳ್ತಿದ್ರು," ಎಂದು ಮತ್ತೆ ಒಳಗಿನಿಂದ.

ಒಂದು ವಾರ ಕಾಯಿಹಾಲು ಜಾಸ್ತಿ, ಇನ್ನೊಂದು ವಾರ ಬೆಲ್ಲ ಕಡಿಮೆ, ಮತ್ತೊಂದು ವಾರ ಅಕ್ಕಿಗೆ ರಾಗಿ ಬೆರಕೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಎಲ್ಲವೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ದಾಖಲು. ಒಂದು ಭಾನುವಾರದ ಹಾಲುಬಾಯಿ ಎಷ್ಟು ಗಟ್ಟಿಯಾಯಿತೆಂದರೆ ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಂತೆ ಅದನ್ನೇ ಅಡ್ಡ ಇಟ್ಟೆವು. ಇನ್ನೊಂದು ಭಾನುವಾರದ್ದು ಅಂಗೈಗೆ ಅಂಟಿ, ಬುಧವಾರ ಅಕೌಂಟೆನ್ಸಿ ಪುಸ್ತಕಕ್ಕೂ ಅಂಟಿತ್ತು. ಹಾಸನದ ಅಂಗಡಿಯೊಂದರಲ್ಲಿ ಚೈನಾ ಗ್ರಾಸ್ ಸಿಗುತ್ತದೆ ಎಂದು ಗೊತ್ತಾದ ಮೇಲಂತೂ ಮಾವನನ್ನು ಹಿಡಿಯುವವರೇ ಇಲ್ಲ. ಅದು ಸಮುದ್ರದ ಪಾಚಿಯಿಂದ ಮಾಡಿದ ಬಿಳಿ ನಾರು. ಚಿಟಿಕೆಯಷ್ಟು ಕುದಿಸಿ ಹಾಕಿದರೆ ಚೊಂಬು ನೀರು ಕಲ್ಲಿನಂತೆ ನಿಲ್ಲುತ್ತದೆ. ಮಾವ ತಿಳಿಸಾರನ್ನೂ ನಿಲ್ಲಿಸಿದರು. ಚಾಕುವಿನಿಂದ ಕೊಯ್ದು ಬಡಿಸಿದರು. ಅತ್ತೆ ಅವತ್ತು ಬರೀ ಮೊಸರನ್ನ ಉಂಡೆದ್ದರು.

ಚೈನಾ ಗ್ರಾಸಿಗೆ ಒಂದು ಕೆಟ್ಟ ಗುಣ ಉಂಟು. ನೀರನ್ನು ಹಿಡಿದುಕೊಳ್ಳುತ್ತದೆ, ನಿಜ. ಕುಲುಕಿದರೆ ಮೆಲ್ಲಗೆ ಬಿಟ್ಟುಬಿಡುತ್ತದೆ. ಇದು ನಮಗೆ ಗೊತ್ತಾದದ್ದು ಅರಕಲಗೂಡಿನ ಬಸ್ಸಿನಲ್ಲಿ.

ಅತ್ತೆಯ ತವರಿನಲ್ಲಿ ನಾಮಕರಣ. ತವರಿನವರ ಎದುರಿಗಾದರೆ ಅತ್ತೆ ಬೇಡ ಎನ್ನಲಾರರು ಎಂದು ಮಾವ ಲೆಕ್ಕ ಹಾಕಿ, ಚೈನಾ ಗ್ರಾಸ್ ಬೆರೆಸಿದ ಹಾಲುಬಾಯಿಯನ್ನು ದೊಡ್ಡ ಡಬ್ಬಿಯಲ್ಲಿ ತುಂಬಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅವರ ಪಕ್ಕಕ್ಕೆ ರಾಮನಾಥಪುರಕ್ಕೆ ಹೊರಟ ಹೊಗೆಸೊಪ್ಪಿನ ರೈತರೊಬ್ಬರು. ಹಿಂದಿನ ಸೀಟಿನಲ್ಲಿ ನಾನೂ ಅತ್ತೆಯೂ. ಕಂಡಕ್ಟರ್ ಟಿಕೆಟ್ ಹರಿಯುತ್ತಾ ಬಂದ.

"ಏನ್ ಸಾ ಅದು, ಎಳೇ ಕೂಸ್ನಂಗೆ ಮಡಿಕ್ಕಂಡಿದ್ದೀರಿ?"

"ಹಾಲುಬಾಯಿ. ಅಲುಗಾಡಿಸಬಾರದು. ಡ್ರೈವರಿಗೆ ಸ್ವಲ್ಪ ನಿಧಾನಕ್ಕೆ ಹೋಗೋಕೆ ಹೇಳಿ."

"ರೋಡ್ಗೆ ಯೇಳಿ ಸಾ," ಎಂದು ಕಂಡಕ್ಟರ್ ಮುಂದೆ ಹೋದ.

ಹತ್ತು ಗುಂಡಿ ಹಾರಿರಬೇಕು. ರೈತರು ಪಂಚೆ ಮುಟ್ಟಿ ನೋಡಿಕೊಂಡರು. ಆಮೇಲೆ ಡಬ್ಬಿ ನೋಡಿದರು. ಆಮೇಲೆ ಮಾವನ ಮುಖ ನೋಡಿದರು.

"ಸಾ, ಬೇಜಾರ್ ಮಾಡ್ಕಬ್ಯಾಡಿ. ನಿಮ್ ಕೂಸು ಉಚ್ಚೆ ಉಯ್ಕಂಡದೆ ಕಣ."

ಇಡೀ ಬಸ್ಸು ನಕ್ಕಿತು. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿ, ಮಾವನಿಗೆ ಮಾತ್ರ ಕೇಳುವಷ್ಟು ಮೆತ್ತಗೆ ಹೇಳಿದರು: "ಇನ್ನೊಂದು ನಿಮಿಷ ಕಲಕಬೇಕಿತ್ತು."

ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಿಂದ ಮುದುರಿಕೊಳ್ಳುತ್ತಿದ್ದರು. ಮಾವ ಡಬ್ಬಿ ತೆಗೆದು, ಎಷ್ಟು ನೀರು ಬಿಟ್ಟಿದೆ ಎಂದು ಆ ರೈತರಿಗೇ ತೋರಿಸಿ, ಕಾರಣ ವಿವರಿಸಲು ಶುರುಮಾಡಿದರು. ರೈತರೂ ಕಡಿಮೆಯವರಲ್ಲ.

"ನಮ್ ಸೊಪ್ಪೂ ಇಂಗೇ ಕಣ್ ಸಾ. ಬೇಯ್ಸಿದ್ ತಕ್ಷಣ ಮುಟ್ಟಿದ್ರೆ ಪುಡಿಪುಡಿ. ಒಸಿ ತ್ಯಾವ ಯೆಳ್ಕಳಾಕೆ ಬುಡಬೇಕು. ಆಮ್ಯಾಕ್ ನೋಡಿ, ಬಟ್ಟೆ ಮಡಿಸ್ದಂಗೆ ಮಡಿಸ್ಬೋದು. ಅವಸ್ರ ಮಾಡ್ಬಾರ್ದು."

"ಒತ್ತಿದರೆ ಎದ್ದು ಬರುತ್ತಾ?" ಎಂದು ಮಾವ ಕೇಳಿದ್ದು ನನಗೆ ಕೇಳಿಸಿತು. ಅರಕಲಗೂಡಿನಲ್ಲಿ ಇಳಿದು ಬಸ್ಸು ಬದಲಿಸಬೇಕಿತ್ತು. ನಾನೂ ಅತ್ತೆಯೂ ಕೊಣನೂರಿನ ಬಸ್ಸು ಹತ್ತಿ ಕೂತೆವು. ಬಸ್ಸು ಹೊರಟಿತು. ಹಿಂತಿರುಗಿ ನೋಡಿದರೆ ಮಾವ ಇಲ್ಲ. ಅವರು ರೈತರ ಹಿಂದೆ ರಾಮನಾಥಪುರದ ಬಸ್ಸು ಹತ್ತಿದ್ದರು, ಹೊಗೆಸೊಪ್ಪು ಒತ್ತಿ ನೋಡಲು! ನಾಮಕರಣ ಮುಗಿದು, ಮಗುವಿಗೆ ಹೆಸರಿಟ್ಟು, ಊಟವಾಗಿ, ಎಲೆ ಎತ್ತಿದ ಮೇಲೆ ಖಾಲಿ ಡಬ್ಬಿ ಹಿಡಿದು ಬಂದರು. ಹಾಲುಬಾಯಿ ಏನಾಯಿತು ಎಂದರೆ ಅಲ್ಲಿ ಹೊಗೆಸೊಪ್ಪಿನ ಹರಾಜಿಗೆ ಬಂದಿದ್ದ ರೈತರು ತಿಂದರಂತೆ, ಬಹಳ ಚೆನ್ನಾಗಿದೆ ಎಂದರಂತೆ.

"ಊರವರೆಲ್ಲ ತಿಂದರು, ನಿಮ್ಮತ್ತೆ ಒಬ್ಬಳು ಬಿಟ್ಟು," ಎಂದು ನನ್ನ ಹತ್ತಿರ ಹೇಳುವಾಗ ಅವರ ದನಿ ಸಣ್ಣಗಾಗಿತ್ತು.

ಚನ್ನರಾಯಪಟ್ಟಣದ ಮದುವೆಯ ಕತೆ ಹೇಳದಿದ್ದರೆ ಈ ಪ್ರಬಂಧಕ್ಕೆ ಅರ್ಥವೇ ಇಲ್ಲ. ಹುಡುಗಿ ನಮ್ಮ ಕಡೆಯವಳು. ಅಡಿಗೆಗೆ ಹಳೇಕೋಟೆಯ ಕಡೆಯ ಭಟ್ಟರು. ಗಂಡಿನವರಿಗೆ ಹೊಸದೇನಾದರೂ ಬಡಿಸಬೇಕು, ಚೈನಾ ಗ್ರಾಸಿನಲ್ಲಿ ಹಣ್ಣಿನ ಜೆಲ್ಲಿ ಮಾಡೋಣ ಎಂದು ಮಾವನ ಸಲಹೆ. ಭಟ್ಟರು ಬೇಡವೆಂದರು. ಮಾವ ಬಿಡಲಿಲ್ಲ. ಕೊನೆಗೆ ಭಟ್ಟರು ಕೊಳದಪ್ಪಲೆ ಒಲೆಗೇರಿಸಿ, "ಸ್ವಾಮಿ, ನಿಂಬೆಹಣ್ಣು ಹಿಂಡಲೇ?" ಎಂದು ಕೇಳಿದರು. ಮಾವ "ಹಿಂಡಿ" ಎಂದರು. ಯಾವಾಗ ಹಿಂಡಬೇಕು ಎಂದು ಹೇಳುವಷ್ಟರಲ್ಲಿ, ಆ ಕಡೆ ಮೈಸೂರುಪಾಕಿನ ತಟ್ಟೆ ಹೊರಗೆ ಬಂತು. ಬೆರಳು ಆ ಕಡೆ ಹೋಯಿತು. ಬೆರಳಿನ ಹಿಂದೆ ಮಾವನೂ ಹೋದರು.

ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕಾದ ಹುಳಿಯನ್ನು ಭಟ್ಟರು ಕೊತಕೊತ ಕುದಿಯುವಾಗಲೇ ಹಿಂಡಿ, ಅರ್ಧ ಗಂಟೆ ಕುದಿಸಿದರು. ಹುಳಿಯಲ್ಲಿ ಕುದಿದರೆ ಆ ಎಳೆಗಳೆಲ್ಲ ತುಂಡು ತುಂಡು. ಬಲೆ ಎಲ್ಲಿಂದ ಬರಬೇಕು? ಬೆಳಿಗ್ಗೆ ಕಾದರು, ಮಧ್ಯಾಹ್ನ ಕಾದರು, ಎರಡನೇ ಪಂಕ್ತಿಯವರೆಗೂ ಕಾದರು. ಕೊಳದಪ್ಪಲೆಯ ತುಂಬ ಕೆಂಪು ನೀರು. ಭಟ್ಟರು ಸೌಟು ಎತ್ತಿ ಮಾವನ ಕಡೆ ನೋಡಿದ ನೋಟಕ್ಕೆ ನಾನಾಗಿದ್ದರೆ ಅಲ್ಲೇ ಕರಗಿಹೋಗುತ್ತಿದ್ದೆ.

ಆಗ ಅತ್ತೆ ಬಂದರು. ದಪ್ಪಲೆ ನೋಡಿದರು, ಮಾವನ ಬೆವರಿದ ಮುಖ ನೋಡಿದರು. ಲೋಟಗಳನ್ನು ತರಿಸಿ, ಏಲಕ್ಕಿ ಪುಡಿ ಉದುರಿಸಿ, ತಾವೇ ತಟ್ಟೆ ಹಿಡಿದು ಗಂಡಿನವರ ಪಂಕ್ತಿಗೆ ಹೋಗಿ, "ನಮ್ಮ ಕಡೆ ಬೀಗರಿಗೆ ಅಂತಲೇ ಮಾಡೋ ಪಾನಕ, ತಗೊಳ್ಳಿ," ಎಂದರು. ಗಂಡಿನ ಕಡೆಯವರು ಎರಡೆರಡು ಲೋಟ ಕುಡಿದರು. ಹುಡುಗನ ತಾಯಿ ಮಾಡುವ ವಿಧಾನ ಬರೆಸಿಕೊಂಡರು!

ಎಲ್ಲ ಮುಗಿದ ಮೇಲೆ ಮಾವ ಒಂದು ಲೋಟ ತುಂಬಿ ಅತ್ತೆಯ ಮುಂದೆ ಹಿಡಿದರು. ಆ ಮುಖದಲ್ಲಿ ಎಷ್ಟು ಆಸೆಯಿತ್ತೋ. ಅತ್ತೆ ಬೇಡವೆಂದು ತಲೆಯಾಡಿಸಿದರು. "ಮಾನ ಉಳಿಸೋದು ಬೇರೆ, ಬಾಯಿಗೆ ಹಾಕ್ಕೊಳ್ಳೋದು ಬೇರೆ," ಎಂದು ನಕ್ಕು, ಆ ಹಳೆಯ ಮಾತನ್ನು ಇನ್ನೊಂದು ಸಲ ಅಂದರು. ಇನ್ನೊಂದು ನಿಮಿಷ ಕಲಕಬೇಕಿತ್ತು. ಮಾವನೂ ನಕ್ಕರು. ಲೋಟ ಕೈಯಲ್ಲೇ ಉಳಿಯಿತು.

ಹೀಗೆ ವರ್ಷಗಳು ಹೋದವು. ನನಗೆ ಹಾಸನದಲ್ಲಿ ಕೆಲಸ ಸಿಕ್ಕಿ, ಮದುವೆಯಾಗಿ, ಅಲ್ಲೇ ಮನೆ ಮಾಡಿದೆ. ಎರಡು ಸಾವಿರದ ನಂತರ ಮಾವ ನಿವೃತ್ತರಾದರು. ಕಾಲೇಜಿಗೆ ಬಿಡುವು ಸಿಕ್ಕಿತು, ಅಡಿಗೆಮನೆಗೆ ಸಿಗಲಿಲ್ಲ. ಭಾನುವಾರದ ಹಾಲುಬಾಯಿ ತಪ್ಪಲಿಲ್ಲ. ಅತ್ತೆಯೂ ತಿನ್ನಲಿಲ್ಲ.

ಒಂದು ಬೆಳಿಗ್ಗೆ ಹೂ ಬಿಡಿಸುತ್ತಿದ್ದ ಅತ್ತೆಯ ಬಲಗೈಯಿಂದ ಬುಟ್ಟಿ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವರು ಏಳಲಿಲ್ಲ. ಹಾಸನಕ್ಕೆ ಕರೆತಂದು ಆಸ್ಪತ್ರೆಗೆ ಸೇರಿಸಿದೆವು. ಲಕ್ವ ಹೊಡೆದಿತ್ತು. ಬಲಭಾಗಕ್ಕೆ ಶಕ್ತಿಯಿಲ್ಲ, ಮಾತಿಲ್ಲ. ಅದಕ್ಕಿಂತ ಕಷ್ಟವೆಂದರೆ ನುಂಗಲು ಬರುತ್ತಿರಲಿಲ್ಲ. ಒಂದು ಗುಟುಕು ನೀರು ಕೊಟ್ಟರೆ ಕೆಮ್ಮಿ ಕೆಮ್ಮಿ ಮುಖ ನೀಲಿಯಾಗುತ್ತಿತ್ತು. ಮೂಗಿಗೆ ನಳಿಗೆ ಹಾಕಿದರು. ಅತ್ತೆ ಎಡಗೈಯಿಂದ ಎರಡು ಸಲ ಕಿತ್ತು ಹಾಕಿದರು. ಅವರ ಎಡಗೈಯನ್ನು ಮಂಚಕ್ಕೆ ಕಟ್ಟಬೇಕಾಯಿತು. ಕಟ್ಟಿದ ಬಟ್ಟೆ ನೋಡಿ ಮಾವ ವರಾಂಡಕ್ಕೆ ಹೋಗಿ, ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದರು. ನಾನು ಹಿಂದೆ ಹಿಂದೆ ನಡೆದೆ. ಇಬ್ಬರಿಗೂ ಕೂರಲು ಆಗುತ್ತಿರಲಿಲ್ಲ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವಳು. ನಮ್ಮನ್ನು ಕೂರಿಸಿ ವಿವರಿಸಿದಳು. ಮಾವ ನಿಂತೇ ಕೇಳಿದರು.

"ನೀರು, ಕಾಫಿಯಂಥ ತೆಳುವಾದದ್ದು ಗಂಟಲಲ್ಲಿ ಬೇಗ ಜಾರುತ್ತೆ. ಅವರ ಗಂಟಲು ಈಗ ನಿಧಾನ. ಹಾಗಾಗಿ ಶ್ವಾಸಕೋಶಕ್ಕೆ ಹೋಗಿಬಿಡುತ್ತೆ. ಗಟ್ಟಿಯಾದದ್ದು ಅಗಿಯೋಕೆ ಆಗಲ್ಲ. ಮೆತ್ತಗಿರಬೇಕು, ಒಂದೇ ಮುದ್ದೆಯಾಗಿ ಜಾರಬೇಕು. ಬಾಯಲ್ಲಿ ಪುಡಿಯಾಗಬಾರದು, ಅಂಗುಳಕ್ಕೆ ಅಂಟಬಾರದು, ನೀರು ಬಿಡಬಾರದು. ಅಂಥದ್ದೇನಾದರೂ ಇದ್ದರೆ ನನ್ನ ಎದುರಿಗೆ ಚೂರು ಚೂರು ಕೊಟ್ಟು ನೋಡೋಣ. ಸರಿಹೋದರೆ ನಳಿಗೆ ತೆಗೀಬಹುದು."

ಮಾವ ಒಂದು ಹೆಜ್ಜೆ ಮುಂದೆ ಬಂದರು. "ಒತ್ತಿದರೆ ಎಷ್ಟು ಎಣಿಕೆಗೆ ಎದ್ದು ಬರಬೇಕು?"

ಆ ಪ್ರಶ್ನೆ ಕೇಳಿ ನಾಲ್ಕು ತಾಲ್ಲೂಕು ನಕ್ಕಿದೆ. ಅವತ್ತು ನಾನು ನಗಲಿಲ್ಲ. ಡಾಕ್ಟರೂ ನಗಲಿಲ್ಲ. ಯೋಚಿಸಿ ಹೇಳಿದಳು, "ಗೊತ್ತಿಲ್ಲ ಸರ್. ನೀವು ಮಾಡ್ಕೊಂಡು ಬನ್ನಿ, ಇಬ್ಬರೂ ಒತ್ತಿ ನೋಡೋಣ."

ನಮ್ಮ ಮನೆಯ ಅಡಿಗೆಮನೆ ಮಾವನ ವಶವಾಯಿತು. ನೋಟ್‌ಬುಕ್ಕುಗಳ ಕಟ್ಟು ಹೊಳೆನರಸೀಪುರದಿಂದ ಬಂತು. ಬರೀ ಚೈನಾ ಗ್ರಾಸ್ ಹಾಕಿದರೆ ಬಾಯಲ್ಲಿ ಚೂರುಚೂರಾಗಿ ನೀರು ಬಿಡುತ್ತದೆ, ಬಸ್ಸಿನಲ್ಲಿ ನೋಡಿದ್ದೇವಲ್ಲ. ಬರೀ ಅಕ್ಕಿಯದು ಅಂಗುಳಕ್ಕೆ ಅಂಟುತ್ತದೆ. ಕೂವೆಗೆಡ್ಡೆಯ ಹಿಟ್ಟು ಜಾರುತ್ತದೆ, ಆದರೆ ನಿಲ್ಲುವುದಿಲ್ಲ. ಮೂರನ್ನೂ ಬೆರೆಸಿದರೆ? ಎಷ್ಟೆಷ್ಟು? ಯಾವುದನ್ನು ಮೊದಲು ಕುದಿಸಬೇಕು? ಎಷ್ಟು ಹೊತ್ತು ಆರಿಸಬೇಕು? ದಿನಕ್ಕೆ ಐದು ಬಟ್ಟಲು, ಆರು ಬಟ್ಟಲು. ಆಸ್ಪತ್ರೆಗೂ ಮನೆಗೂ ಓಡಾಟ, ಮಧ್ಯೆ ನನ್ನ ಆಫೀಸು, ಯಾರ ತಟ್ಟೆಯಲ್ಲೂ ಪೂರ್ತಿ ಊಟವಿಲ್ಲ.

ಒಂದು ಸಂಜೆ ಆಫೀಸಿನಿಂದ ಬಂದರೆ ಮಾವ ಗೋಡೆಗೆ ಒರಗಿ ನಿಂತಿದ್ದಾರೆ. ಎಡಗೈಯಿಂದ ತಮ್ಮ ಬಲಗೆನ್ನೆಯನ್ನು ಅಲ್ಲಾಡದಂತೆ ಒತ್ತಿ ಹಿಡಿದಿದ್ದಾರೆ. ಬಾಯಲ್ಲಿ ಒಂದು ಚಮಚ ಜೆಲ್. ನಾಲಿಗೆ ಆಡಿಸದೆ, ಅಗಿಯದೆ, ಅರ್ಧ ಬಾಯಲ್ಲಿ ನುಂಗಲು ನೋಡುತ್ತಿದ್ದಾರೆ. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲವಂತೆ, ಅವಳಿಗೆ ಹೇಗಾಗುತ್ತೋ ತಿಳಿಯಬೇಕು ಎಂದು. ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಕಣ್ಣೊರೆಸಿಕೊಂಡು ಬಂದು, ಕೈಗೆ ಏನಾದರೂ ಕೆಲಸ ಬೇಕೆಂದು ನೋಟ್‌ಬುಕ್ಕುಗಳನ್ನು ತಿರುವಿದೆ. ಮೊದಲನೆಯದರಲ್ಲಿ, ಅವರ ಮೂರನೇ ಭಾನುವಾರದ ಪುಟ. ಮಾವನ ಮುತ್ತಿನಂಥ ಅಕ್ಷರ: "ಬಿಸಿ ಆರುವ ಮೊದಲು ಒತ್ತಿದರೆ ಗುಳಿ ಏಳುವುದಿಲ್ಲ. ಅದೇ ತಟ್ಟೆ, ಪೂರ್ತಿ ಆರಿದ ಮೇಲೆ ಒತ್ತಿದರೆ ಎರಡಕ್ಕೆ ಏಳುತ್ತದೆ. ಅವಳದು ಸರಿಯಾಗಿಯೇ ಇತ್ತು. ನಾನೇ ಅವಸರ ಮಾಡಿದೆ."

"ಮಾವ, ಇದನ್ನ ಅತ್ತೆಗೆ ಹೇಳಲೇ ಇಲ್ವಾ?"

ಮಾವ ಕೆನ್ನೆಯಿಂದ ಕೈ ತೆಗೆದರು. "ಒಂದು ಚಮಚ ತಿನ್ನಲಿ, ಆಮೇಲೆ ಹೇಳೋಣ ಅಂತ ಇದ್ದೆ ಕಣೇ. ಪ್ರತಿ ಭಾನುವಾರ ಅದಕ್ಕೇ ಮಾಡ್ತಿದ್ದದ್ದು. ಅವಳು ತಿನ್ನಲಿಲ್ಲ. ನಾನು ಹೇಳಲಿಲ್ಲ."

ನನಗೆ ಸಿಟ್ಟು ಬಂತು. ಇಷ್ಟು ವರ್ಷ! ಮೂರನೇ ವಾರಕ್ಕೆ ಮುಗಿಯಬೇಕಾದ ಜಗಳ! ಬೈಯಬೇಕೆಂದು ಬಾಯಿ ತೆರೆದವಳು ಅವರ ಮುಖ ನೋಡಿ, ಮುಂದಿನ ಬಟ್ಟಲಿಗೆ ಬೆಲ್ಲ ಕೆರೆಯತೊಡಗಿದೆ.

ಎರಡು ದಿನ ಬಿಟ್ಟು, ಹನ್ನೊಂದು ಗಂಟೆ ಹೊತ್ತಿಗೆ, ಮಾವ ಒಂದು ಬಟ್ಟಲು ಹಿಡಿದು ಆಸ್ಪತ್ರೆಗೆ ಬಂದರು. ತಿಳಿ ಬೆಲ್ಲದ ಬಣ್ಣ, ಸ್ವಲ್ಪ ಕಾಯಿಹಾಲು, ಏಲಕ್ಕಿಯ ವಾಸನೆ. ಡಾಕ್ಟರ್ ಒತ್ತಿದಳು, ಚಮಚದಿಂದ ಕೊಯ್ದಳು, ತಾನೇ ಒಂದು ಚೂರು ನುಂಗಿ ನೋಡಿದಳು. ಅತ್ತೆಯನ್ನು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಕಟ್ಟಿದ್ದ ಎಡಗೈ ಬಿಚ್ಚಿದಳು. ನಾನು ಅರ್ಧ ಚಮಚ ತೆಗೆದು ಬಾಯಿಯ ಹತ್ತಿರ ಹಿಡಿದೆ.

ಅತ್ತೆ ತುಟಿ ಬಿಗಿದರು.

ಏಲಕ್ಕಿ ವಾಸನೆ ಗೊತ್ತಾಗಿರಬೇಕು. ಚಮಚ ನೋಡಿದರು. ಎಡಗೈ ಎತ್ತಿ, ಬಾಗಿಲ ಹತ್ತಿರ ನಿಂತಿದ್ದ ಮಾವನ ಕಡೆ ತೋರಿಸಿದರು. ಇವರು ಕಲಕಿದ್ದಾ? ನನ್ನಿಂದ ಸುಳ್ಳು ಹೇಳಲಾಗಲಿಲ್ಲ. ಹೂಂ ಎಂದೆ. ತುಟಿ ಇನ್ನೂ ಬಿಗಿಯಾಯಿತು. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಹೀಗಾದರೆ ನಳಿಗೆ ತೆಗೆಯಲಾಗುವುದಿಲ್ಲ ಎಂದು ಮೆಲ್ಲಗೆ ಹೇಳಿದಳು.

ಮಾವ ಬಾಗಿಲಿನಿಂದ ಮಂಚದ ತನಕ ಬಂದರು. ಎಂದೂ ನಿಲ್ಲದ ಕೈಕಾಲು ನಿಂತಿದ್ದವು.

"ಅವತ್ತಿನ ಹಾಲುಬಾಯಿ ಚೆನ್ನಾಗಿತ್ತು ಕಣೇ," ಎಂದರು. "ಸರಿಯಾಗೇ ಇತ್ತು. ಆರೋ ಮೊದಲೇ ನಾನು ಕೈ ಹಾಕಿದೆ. ತಪ್ಪು ನಂದು. ಮೂರು ವಾರಕ್ಕೇ ನಂಗೆ ಗೊತ್ತಾಗಿತ್ತು. ಹೇಳೋಕಾಗಲಿಲ್ಲ."

ಅತ್ತೆ ಅವರನ್ನೇ ನೋಡಿದರು. ಆಮೇಲೆ ಬಾಯಿ ತೆರೆದರು, ಅರ್ಧ ಮಾತ್ರ, ತೆರೆಯಲು ಆಗುತ್ತಿದ್ದದ್ದೇ ಅಷ್ಟು. ಮಾವ ನನ್ನ ಕೈಯಿಂದ ಚಮಚ ತೆಗೆದುಕೊಂಡರು. ಅತ್ತೆಯ ಗಂಟಲು ಒಂದು ಸಲ ಮೇಲೆ ಹೋಗಿ ಕೆಳಗಿಳಿಯಿತು. ಕೆಮ್ಮು ಬರಲಿಲ್ಲ. ಇನ್ನೊಂದು ಅರ್ಧ ಚಮಚ. ಕೆಮ್ಮು ಬರಲಿಲ್ಲ. ಮೂರನೆಯದು ನುಂಗಿದ ಮೇಲೆ ಅತ್ತೆಯ ತುಟಿ ಅಲ್ಲಾಡಿತು. ಹದಿನೆಂಟು ದಿನದಿಂದ ಒಂದು ಅಕ್ಷರವೂ ಬಾರದಿದ್ದ ಬಾಯಿ. ಡಾಕ್ಟರ್ ಬಗ್ಗಿದಳು, ನಾನೂ ಬಗ್ಗಿದೆ.

"ಇನ್ನೊಂದು," ಎಂದರು ಅತ್ತೆ. ಸ್ವಲ್ಪ ತಡೆದು, "ನಿಮಿಷ," ಎಂದರು. ಮುಂದಿನದಕ್ಕೆ ಬಹಳ ಹೊತ್ತು ಹಿಡಿಯಿತು, ಅಕ್ಷರಗಳು ಒಂದರ ಮೇಲೊಂದು ಬಿದ್ದವು, ಆದರೂ ಬಂತು. "ಕಲಕ್ಬೇಕಿತ್ತು."

ತುಟಿಯ ಎಡತುದಿಯಲ್ಲಿ ನಗು ಇತ್ತು. ಚನ್ನರಾಯಪಟ್ಟಣದ ಅದೇ ನಗು.

"ಹೌದು ಕಣೇ," ಎಂದರು ಮಾವ. "ಕಲಕಬೇಕಿತ್ತು."

ನಾನು ಸ್ಟೂಲು ಎಳೆದು ಕೊಟ್ಟೆ. ಮಾವ ಕೂತರು. ಬಟ್ಟಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದೇ ಅರ್ಧ ಚಮಚ ಕೊಡುತ್ತಾ, ಪ್ರತಿ ಸಲವೂ ಗಂಟಲು ಇಳಿಯುವವರೆಗೆ ಕಾಯುತ್ತಾ ಕೂತರು. ಹೊರಗೆ ಊಟದ ಗಂಟೆ ಹೊಡೆಯಿತು, ಡಾಕ್ಟರ್ ಬೇರೆ ವಾರ್ಡಿಗೆ ಹೋದಳು, ನಾನು ಎರಡು ಸಲ ಒಳಗೆ ಹೊರಗೆ ಓಡಾಡಿ ಬಂದೆ. ಬಟ್ಟಲು ಖಾಲಿಯಾಗುವವರೆಗೂ ಮಾವ ಏಳಲಿಲ್ಲ.